ಹೂಂ ಹೆಚ್ಚಾದ ಚುಕ್ಕಿ

ಲೋಕ ಇನ್ನೂ ಹಸಿಯಾಗಿತ್ತು. ನೆಲದ ಮೇಲೆ ಹೆಬ್ಬೆರಳು ಒತ್ತಿದರೆ ಗುಂಡಿ ಬೀಳುತ್ತಿತ್ತು, ಆ ಗುಂಡಿಯಲ್ಲಿ ಮಳೆ ನಿಂತು ಕೆರೆಯಾಗುತ್ತಿತ್ತು. ಆಕಾಶವಂತೂ ಆಗಷ್ಟೇ ಸಾರಿಸಿದ ಗೋಡೆ. ಅಲ್ಲೊಂದು ಇಲ್ಲೊಂದು ಚುಕ್ಕಿ ಬಿಟ್ಟರೆ ಎಲ್ಲ ಖಾಲಿ.

ಆ ಕಾಲದಲ್ಲಿ ಚುಕ್ಕಿ ಮಾಡುತ್ತಿದ್ದವಳು ಕಾಳಮ್ಮಜ್ಜಿ. ಬಯಲಿನ ಅಂಚಿನಲ್ಲಿ ಅವಳ ಕುಲುಮೆ. ಇಕ್ಕಳ ಅಜ್ಜಿಯ ಕೈಯಲ್ಲಿ, ತಿದಿ ಅವಳ ಸೊಸೆ ಮೋನವ್ವನ ಕೈಯಲ್ಲಿ. ತಿದಿಯೆಂದರೆ ಚರ್ಮದ ದೊಡ್ಡ ಚೀಲ. ಮೋನವ್ವ ಒತ್ತಿದಾಗಲೆಲ್ಲ ಒಳಗಿದ್ದ ಗಾಳಿ ಬುಸ್ಸೆಂದು ಹೊರಬಂದು ಕೆಂಡವನ್ನು ಕೆಣಕುತ್ತಿತ್ತು.

ಆ ಕುಲುಮೆಯಲ್ಲೊಂದು ಪದ್ಧತಿ. ಚುಕ್ಕಿ ಕೇಳಲು ಬಂದವರು ಕಥೆ ಹೇಳಬೇಕು, ಮೋನವ್ವ ಹೂಂಗುಟ್ಟಬೇಕು. ಒಂದು ಹೂಂಗೆ ಒಂದು ಸಲ ತಿದಿ. ನೂರು ಹೂಂಗೆ ಚುಕ್ಕಿ ಕೆಂಪಾಗುತ್ತಿತ್ತು, ಇನ್ನೂರಕ್ಕೆ ಹಳದಿ. ಅಷ್ಟಾದ ಕೂಡಲೇ ಅಜ್ಜಿ "ಸಾಕು" ಅನ್ನುತ್ತಿದ್ದಳು. ಕಥೆ ಎಲ್ಲಿತ್ತೋ ಅಲ್ಲೇ ನಿಲ್ಲುತ್ತಿತ್ತು.

ಹಾಗಾಗಿ ಮೋನವ್ವನ ತಲೆಯಲ್ಲಿ ಬರೀ ಅರ್ಧ ಕಥೆಗಳು. ಆನೆಯೊಂದು ಹೊಳೆಯ ನಡುವೆ ನಿಂತೇ ಇತ್ತು. ನರಿಯೊಂದು ಬಾವಿಯಲ್ಲಿ ನೇತಾಡುತ್ತಲೇ ಇತ್ತು. ಅವಳೋ ತಿದಿಯಿಂದ ಬಾವಿಗೆ, ಬಾವಿಯಿಂದ ತಿದಿಗೆ. ಅದರಾಚೆ ಲೋಕ ಕಂಡವಳಲ್ಲ.

ಬೇಸಿಗೆ ಶುರುವಾದ ಒಂದು ಮಧ್ಯಾಹ್ನ, ಕೆರೆಯಿಂದ ಹೆಬ್ಬಾತೊಂದು ನಡೆದು ಬಂತು. ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಬಿಗುಮಾನದ ನಡಿಗೆ.

"ಅಜ್ಜೀ, ನಾವು ಹೊರಡೋ ಹೊತ್ತಾತು," ಅಂತು ಬಾತು. "ಹಿಮದ ಗುಡ್ಡದ ಆಚೆ ಹೋಗಿ ಮರಿ ಮಾಡ್ತೀವಿ. ತಿರುಗಿ ಬರೂಮುಂದ ನಮ್ಮ ಕೆರಿ ಯಾವುದು ಅಂತ ತಿಳಿಯಂಗಿಲ್ಲ. ಹೋದ ಸಲ ದಾರಿ ತಪ್ಪಿ ನಾಕು ಮರಿ ಕಳಕೊಂಡೆ. ಕೆರಿ ಮ್ಯಾಲ ಒಂದು ಸಣ್ಣ ಚುಕ್ಕಿ ಕಟ್ಟಿಕೊಡು."

ಅಜ್ಜಿ ಬುಟ್ಟಿ ತಡಕಿದಳು. "ಒಂದ ಉಂಡಿ ಅದಿರು ಉಳದೈತಿ. ಕೆಟ್ಟರ ಇನ್ನೊಂದಿಲ್ಲ, ಗೊತ್ತಿರಲಿ. ಹೂಂ, ಹೇಳು ನಿನ್ನ ಕಥಿ."

ಬಾತು ಶುರು ಮಾಡಿತು. ಎಂಥ ಕಥೆ ಅದು! "ಅಲ್ಲಿ ಗುಡ್ಡಗೋಳು ನಿಂತು ನಿಂತು ತಲಿ ಬೆಳ್ಳಗಾಗ್ಯಾವ," ಅಂತು.

"ಹೂಂ," ಅಂದಳು ಮೋನವ್ವ.

"ಅದರ ಮ್ಯಾಲ ಗಾಳಿ ಎಷ್ಟು ತೆಳು ಅಂದ್ರ, ರೆಕ್ಕಿಗೆ ಸಿಗೂದ ಇಲ್ಲ."

"ಹೂಂ."

"ಸುಮ್ನ ಬೈಬ್ಯಾಡ್ರೀ," ಎಂದು ತಿದಿಯೊಳಗಿನ ಗಾಳಿ ಗೊಣಗಿತು. "ಆ ಎತ್ತರದಾಗ ನೀವು ಬದುಕಿ ನೋಡ್ರಿ."

ಚುಕ್ಕಿ ಕೆಂಪಾಯಿತು. ಚುಕ್ಕಿ ಹಳದಿಯಾಯಿತು. ಯಾರೂ "ಸಾಕು" ಅನ್ನಲಿಲ್ಲ. ರೊಟ್ಟಿ ಉಂಡಿದ್ದ ಕಾಳಮ್ಮಜ್ಜಿ ಕಂಬಕ್ಕೊರಗಿ ಗೊರಕೆ ಹೊಡೆಯುತ್ತಿದ್ದಳು.

"ಮೋನವ್ವಾ, ನನ್ನ ಪಕ್ಕೆಲುಬು ಮುರೀತಾವು," ಅಂತು ಗಾಳಿ.

"ತಡಿಯೋ ಮಾರಾಯಾ, ಈಗಷ್ಟ ಗುಡ್ಡ ಏರ್‍ಯಾರ!"

ಹೂಂ, ಹೂಂ, ಹೂಂ. ಬಾತುಗಳು ಗುಡ್ಡ ಏರಿದವು, ಇಳಿದವು, ಏಳು ಹೊಳೆ ದಾಟಿದವು. ಕೊನೆಗೆ, "ಕೆಳಗ ನೀರು ಕಂಡ್ತು, ಇಳದ್ವಿ. ಮುಗೀತು," ಅಂತು ಹೆಬ್ಬಾತು. ಮೋನವ್ವ ಬದುಕಿನಲ್ಲಿ ಮೊದಲ ಸಲ ಒಂದು ಕಥೆಯ ಕೊನೆ ಕೇಳಿದ್ದಳು. ಕಣ್ಣೊರೆಸಿಕೊಂಡು ಕುಲುಮೆಯತ್ತ ತಿರುಗಿದಳು.

ಚುಕ್ಕಿ ಬೆಳ್ಳಗಾಗಿತ್ತು. ಸುಣ್ಣದಷ್ಟು ಬಿಳಿ, ನೋಡಿದರೆ ಕಣ್ಣು ಕೋರೈಸುವ ಬಿಳಿ. ಅಂಥ ಚಂದದ ಚುಕ್ಕಿಯನ್ನು ಆ ಕುಲುಮೆ ಕಂಡೇ ಇರಲಿಲ್ಲ.

ಝಳಕ್ಕೆ ಅಜ್ಜಿ ಎದ್ದು ಕೂತಳು. "ಎಷ್ಟು ಹೂಂ ಅಂದೀಯೇ?"

"ಲೆಕ್ಕ ತಪ್ಪೇತಿ, ಅತ್ತೀ."

"ಕಥಿ ಅಂದ್ರ ನಿನಗ ಮೈಮ್ಯಾಲ ಎಚ್ಚರ ಇರಂಗಿಲ್ಲ! ಕೆಂಪಿಗಿಂತ ಹಳದಿ ಸುಡತೈತಿ, ಹಳದಿಗಿಂತ ಬಿಳಿ ಸುಡತೈತಿ. ಇದನ್ನ ಕೆರಿ ಮ್ಯಾಲ ಕಟ್ಟಿದ್ರ ಮೀನಿನ ಸಾರು ತಯಾರು. ನೀರಾಗ ಅದ್ದು ಅದನ್ನ. ಕರೀ ಕಿಟ್ಟ ಆಗ್ಲಿ, ಹೋಗ್ಲಿ."

ಹೆಬ್ಬಾತಿಗೆ ಕಳೆದುಹೋದ ನಾಲ್ಕು ಮರಿಗಳ ನೆನಪಾಗಿರಬೇಕು, ಕೊಕ್ಕು ಕೆಳಗಿಳಿಸಿತು. ಆಗ ಕೆಂಡದೊಳಗಿಂದ ಚುಕ್ಕಿ ಸಣ್ಣ ದನಿಯಲ್ಲಿ ಕೇಳಿತು, "ನಂದೇನು ತಪ್ಪೈತಿ? ನಾನೂ ಕಥಿ ಕೇಳ್ತಿದ್ದೆ."

ಮೋನವ್ವ ಅತ್ತೆಯ ಕೈಯಿಂದ ಇಕ್ಕಳ ಕಿತ್ತುಕೊಂಡಳು. "ಅದ್ದೂದಿಲ್ಲ. ಸುಡದಷ್ಟು ದೂರ ಒಯ್ತೀನಿ." ಅತ್ತೆ ಬಾಯಿ ತೆರೆಯುವ ಮೊದಲೇ ಚುಕ್ಕಿ ಹಿಡಿದು, ತಿದಿಯಿಂದ ಹೊರಬಂದ ಗಾಳಿಯ ಬೆನ್ನೇರಿದಳು.

ತಾಳೆಮರದ ಎತ್ತರದಲ್ಲಿ ಚುಕ್ಕಿ ಕಟ್ಟಲು ಹೋದಳು. "ಅಯ್ಯಯ್ಯೋ, ಕುದೀಲಿಕ್ಕೆ ಹತ್ತೀನಿ! ಇನ್ನೂ ದೂರ," ಎಂದು ಕೆರೆ ಕೂಗಿತು.

ಮೋಡದಾಚೆ ಕಟ್ಟಲು ಹೋದಳು. "ನಾ ಆವಿಯಾಗಿ ಹೋಗ್ತೀನವ್ವಾ! ಇನ್ನೂ ದೂರ," ಅಂತು ಮೋಡ.

ಚಂದ್ರನಾಚೆ ಕಟ್ಟಲು ಹೋದಳು. "ನನ್ನ ಬೆನ್ನು! ನನ್ನ ಬೆನ್ನು! ಇನ್ನೂ ದೂರ," ಅಂದ ಚಂದ್ರ.

ಕೆಂಪು ಚುಕ್ಕಿಗಳನ್ನು ದಾಟಿದಳು, ಹಳದಿ ಚುಕ್ಕಿಗಳನ್ನು ದಾಟಿದಳು. "ಇನ್ನೂ ದೂರ, ಇನ್ನೂ ದೂರ," ಎಂದು ಅವೂ ಪಕ್ಕಕ್ಕೆ ಸರಿದವು. ಬಾವಿಕಟ್ಟೆಯಾಚೆ ಕಾಲಿಡದ ಮೋನವ್ವ ಬಾಯಿ ತೆರೆದುಕೊಂಡು ಎಲ್ಲವನ್ನೂ ನೋಡುತ್ತ ಹೋದಳು. ಇಷ್ಟು ಜಾಗ ಇತ್ತೇ! ಇಷ್ಟೆಲ್ಲ ಇಲ್ಲೇ ಇತ್ತೇ!

ಕೊನೆಗೊಂದು ಕಡೆ ನಿಂತಳು. ಇಲ್ಲಿ ಯಾರೂ "ಇನ್ನೂ ದೂರ" ಅನ್ನಲಿಲ್ಲ.

"ಇಲ್ಲಿ ಇರ್ತೀಯೇನಪ್ಪಾ?" ಎಂದು ಕೇಳಿದಳು.

"ಇರ್ತೀನಿ. ಆದ್ರ ಇಲ್ಲಿಂದ ಯಾರಿಗರ ಕಾಣಿಸ್ತೀನೇನು?"

ಮೋನವ್ವ ಒಮ್ಮೆ ಕೆಳಗೆ ಇಣುಕಿದಳು. ಇಕ್ಕಳ ತಿರುಚಿ ಬಿಟ್ಟಳು. ಚುಕ್ಕಿ ಬುಗುರಿಯ ಹಾಗೆ ತಿರುಗತೊಡಗಿತು. ಈಗಲೂ ನಿಂತಿಲ್ಲ.

ಅವಳು ಇಳಿದು ಬರುವಷ್ಟರಲ್ಲಿ ಕತ್ತಲಾಗಿತ್ತು. ಅಜ್ಜಿ ಅಂಗಳದಲ್ಲಿ ನಿಂತು ಮೇಲೆ ನೋಡುತ್ತಿದ್ದಳು. ಮೋನವ್ವನೂ ನೋಡಿದಳು. ದಿಟ್ಟಿಸಿ ನೋಡಿದಳು, ಕಣ್ಣು ಕಿರಿದು ಮಾಡಿ ನೋಡಿದಳು. ನೋಡಿದಷ್ಟೂ ಅಲ್ಲಿ ಬರೀ ಕತ್ತಲೆ.

"ಛಲೋ ಆತು," ಅಂದಳು ಅಜ್ಜಿ. "ಇದ್ದ ಒಂದನ್ನೂ ಕಳಕೊಂಡು ಬಂದಿ. ಇನ್ನ ಆ ಮರಿಗೋಳ ಗತಿ?"

ಮೋನವ್ವ ಅಲ್ಲೇ ಕೂತು ಅತ್ತಳು. ಒಂದು ಕಥೆಯ ಆಸೆಗೆ ಇಡೀ ಹಿಂಡಿನ ದಾರಿ ಹಾಳಾಯಿತಲ್ಲ!

"ಅಳೂದು ಯಾಕ?" ಅಂತು ಪಕ್ಕದಲ್ಲಿದ್ದ ಹೆಬ್ಬಾತು. "ಅಲ್ಲೇ ಐತಲ್ಲ."

ಬಾತು ಆಕಾಶದ ಕಡೆ ಮುಖವನ್ನೇ ಮಾಡಿರಲಿಲ್ಲ. ಮುಖ ಕೆರೆಯ ಕಡೆಗಿತ್ತು. ಕಣ್ಣುಗಳಿರುವುದು ತಲೆಯ ಎರಡು ಪಕ್ಕದಲ್ಲಲ್ಲವೇ, ಅಂಚಿನಿಂದಲೇ ನೋಡುತ್ತಿತ್ತು.

"ಮನಶ್ಯಾರು ಎಲ್ಲಾನೂ ಎದುರಿಗೆ ನಿಂತು ನುಂಗೂಹಂಗ ನೋಡ್ತೀರಿ. ನನ್ನಂಗ ನೋಡ್ರಿ, ಒಂಚೂರು ಬಾಜೂಕ."

ಮೋನವ್ವ ಕಣ್ಣನ್ನು ಒಂದಿಷ್ಟು ಪಕ್ಕಕ್ಕೆ ಹೊರಳಿಸಿದಳು. ಇತ್ತು! ಎಳ್ಳಿನಷ್ಟು ಸಣ್ಣದು, ಬಿಳಿ, ನಡುಗುತ್ತ. ಎದುರಿಗೆ ನೋಡಿದರೆ ಇಲ್ಲ, ಪಕ್ಕಕ್ಕೆ ನೋಡಿದರೆ ಇದೆ. ಅಜ್ಜಿಯೂ ಕುತ್ತಿಗೆ ತಿರುಗಿಸಿದಳು. "ನಮ್ಮ ಕುಲುಮ್ಯಾಗ ಹುಟ್ಟಿದ್ದ ಅದು?" ಎಂದಷ್ಟೇ ಕೇಳಿದಳು.

ಮರುದಿನ ಬಾತುಗಳು ಹಾರಿಹೋದವು. ಚಳಿ ಬಿದ್ದಾಗ, ಒಂದು ಬೆಳಗಿನ ಜಾವ ಕೆರೆಯಲ್ಲಿ ಗದ್ದಲವೋ ಗದ್ದಲ. ಹೆಬ್ಬಾತು ಮುಂದೆ, ಅದರ ಹಿಂದೆ ಬೆಳೆದು ನಿಂತ ಆರು ಮರಿಗಳು. ಗುಡ್ಡದಾಚೆಯಿಂದ ಹೊರಟಾಗ ಆರು, ಬಂದಾಗಲೂ ಆರು.

ಇವತ್ತಿಗೂ ದೀಪವಿಲ್ಲದ ಬಯಲಿನಲ್ಲಿ ನಿಂತು ನೀನು ತಲೆಯೆತ್ತಿದಾಗ, ದಿಟ್ಟಿಸಿದರೆ ಮಾಯವಾಗುವ, ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಥಟ್ಟನೆ ಸಿಗುವ ಒಂದು ಮಸುಕು ಬಿಳಿ ಚುಕ್ಕಿ ಇದೆಯಲ್ಲ, ಅದನ್ನು ಬಡಕಲೆಂದು ತಿಳಿಯಬೇಡ. ತನ್ನ ಬಿಸಿ ಯಾರಿಗೂ ತಾಗದಿರಲೆಂದು ಅಷ್ಟು ದೂರ ಹೋಗಿ ನಿಂತು, ಬಾತುಗಳ ಕಣ್ಣಂಚಿನಲ್ಲಿ ಈಗಲೂ ಉರಿಯುತ್ತಿದೆ.