ಜ್ವರದ ದಿನದ ರೊಟ್ಟಿ

ಊರ ಹೊರಗಿನ ಆ ಮಠಕ್ಕೆ ಗೋಪುರವಿರಲಿಲ್ಲ. ಹೊಗೆ ಹಿಡಿದ ದಾಸೋಹದ ಅಡುಗೆಮನೆಯೇ ಅದರ ಗರ್ಭಗುಡಿ. ಅಂದು ಮಧ್ಯಾಹ್ನವೂ ಪೂಜ್ಯ ಗುರುಪಾದಜ್ಜನವರು ಒಲೆಯ ಮುಂದೆ ಕುಳಿತು ಹಸಿ ಕಟ್ಟಿಗೆಯೊಂದಿಗೆ ಗುದ್ದಾಡುತ್ತಿದ್ದರು.

ನಿಂಬೆವ್ವ ಬಂದವಳೇ ಬಾಗಿಲಿಗೆ ಒರಗಿ ಕುಸಿದಳು. ಮನೆಯಲ್ಲಿ ರೊಟ್ಟಿ ತಟ್ಟಿ ಖಾನಾವಳಿಗೆ ಕೊಟ್ಟು ಬದುಕುವ ಹೆಂಗಸು. ಜ್ವರ ಬಂದು ಒಂದು ದಿನ ಏಳಲಾಗಲಿಲ್ಲ. ಅಷ್ಟಕ್ಕೇ ಖಾನಾವಳಿಯವನು ಆ ಕೆಲಸವನ್ನು ಪಕ್ಕದ ಓಣಿಯ ಶಾರವ್ವನಿಗೆ ಕೊಟ್ಟುಬಿಟ್ಟಿದ್ದ. ಹಿಂದೆ ಶಾರವ್ವ ಮಗಳ ಬಾಣಂತನಕ್ಕೆ ಹೋದಾಗ ಕಡಿಮೆ ದರ ಹೇಳಿ ಅದನ್ನು ಕಸಿದುಕೊಂಡವಳು ಇದೇ ನಿಂಬೆವ್ವ. ಆ ಮಾತನ್ನು ಮಾತ್ರ ಅವಳು ಎತ್ತಲಿಲ್ಲ.

“ಅಜ್ಜಾರ, ಅವಂಗ ಒಂದ್ ಮಾತು ಹೇಳ್ರಿ. ಸಾಕಾಗೇತಿ ನನಗ. ಮಕ್ಕಳು ಉಪವಾಸ ಬೀಳ್ತಾವ.”

“ಈ ಮಠದ ಒಲಿ ಆರಿದ್ದು ಎಂದಾರ ನೋಡೀಯೇನವ್ವಾ?”

“ಇಲ್ರೀ.”

“ಇಲ್ಲಿ ರೊಟ್ಟಿ ತಟ್ಟೋ ತಾಯಂದಿರಿಗೆ ಜ್ವರ ಬರೂದಿಲ್ಲೇನು?”

ಯಾಕೆ ಬರುವುದಿಲ್ಲ? ಒಬ್ಬಳು ಮಲಗಿದರೆ ಇನ್ನೊಬ್ಬಳು ಬಂದು ಕೂಡುತ್ತಾಳೆ. ನಿಂಬೆವ್ವನಿಗೆ ಸಿಟ್ಟೇ ಬಂತು. ದೇವರ ಕೆಲಸಕ್ಕೆ ಜನ ಸಿಗುತ್ತಾರೆ, ಹೊಟ್ಟೆಪಾಡಿಗೆ ಯಾರು ಬರುತ್ತಾರೆ?

ಅಜ್ಜನವರು ಹೊಗೆಗೆ ಕೆಮ್ಮಿ, ಕಣ್ಣೊರೆಸಿಕೊಂಡರು. “ಹಿಂದಿನ ಪಡಸಾಲಿ ಖಾಲಿ ಐತಿ. ರೊಟ್ಟಿ ತಟ್ಟೋರೆಲ್ಲ ಕೂಡಿ ಒಲಿ ಹೂಡ್ರಿ, ಒಂದ ದರ ಹೇಳ್ರಿ, ಬಂದದ್ದು ಹಂಚಿಕೊಳ್ರಿ. ಮೊದಲ ಶಾರವ್ವನ್ನ ಕರಿ.”

“ಆಕಿನ್ನಾ?”

“ಆಕಿನ್ನೇ.”

ಕಾಲೆಳೆದುಕೊಂಡು ಹೋದಳು. ಶಾರವ್ವ ಮುಖದ ಮೇಲೇ ಬಾಗಿಲು ಹಾಕಿದಳು. ನಿಂಬೆವ್ವನಿಗೆ ತಿರುಗಿ ಹೋಗಲೂ ತ್ರಾಣವಿರಲಿಲ್ಲ. ಕಟ್ಟೆಯ ಮೇಲೆ ಕುಳಿತು, “ಅವತ್ತು ನಾ ಮಾಡಿದ್ದು ತಪ್ಪು, ಶಾರವ್ವ” ಎಂದಳು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು.

ಆಮೇಲೆ ಎಲ್ಲ ಸುಗಮವಾಯಿತೆಂದು ತಿಳಿಯಬೇಡಿ. ರೊಟ್ಟಿ ದಪ್ಪ, ರೊಟ್ಟಿ ತೆಳು ಎಂದು ಪಡಸಾಲೆಯಲ್ಲಿ ದಿನಾ ಜಗಳ. ಖಾನಾವಳಿಯವನು ಎಲ್ಲರದೂ ಒಂದೇ ದರ ಎಂದದ್ದಕ್ಕೆ ಮುಖ ಊದಿಸಿಕೊಂಡಿದ್ದು, ಊರಲ್ಲಿ ಬೇರೆ ಯಾರೂ ಕಡಿಮೆಗೆ ಕೊಡದಿದ್ದಾಗ ತಾನೇ ಬಂದ. ಇನ್ನಷ್ಟು ಹೆಂಗಸರು ಸೇರಿದರು. ಮದುವೆ ಮನೆಗಳೂ ಹಾಸ್ಟೆಲ್ಲೂ ರೊಟ್ಟಿ ಕೇಳತೊಡಗಿದವು.

ಮರುವರ್ಷ ಮಳೆಗಾಲದಲ್ಲಿ ನಿಂಬೆವ್ವನಿಗೆ ಮತ್ತೆ ಜ್ವರ. ಹೆದರಿಕೆಯಿಂದಲೇ ಎದ್ದು ಬಂದು ಒಲೆಯ ಮುಂದೆ ಕುಳಿತಳು. ಶಾರವ್ವ ಅವಳ ಕೈಯಿಂದ ಹಿಟ್ಟಿನ ಪರಾತ ಕಿತ್ತುಕೊಂಡಳು. “ಮೈ ಕೆಂಡ ಆಗೇತಿ. ಬಿದ್ಕೋ ಹೋಗ. ನಿನ್ನ ಪಾಲು ಎಲ್ಲಿಗೂ ಹೋಗೂದಿಲ್ಲ.”

ಮೂಲೆಯಲ್ಲಿ ಮಲಗಿ, ಬೇರೆಯವರ ಕೈಯ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತ ನಿಂಬೆವ್ವ ಅತ್ತಳು, ಅಳುತ್ತಲೇ ನಿದ್ದೆಹೋದಳು.

ಮುಂದೆ ಪರವೂರಿನ ಭಕ್ತರು ಬಂದು ಅಜ್ಜನವರ ಪವಾಡಗಳ ಬಗ್ಗೆ ಕೇಳಿದಾಗಲೆಲ್ಲ ಅವಳು ಕೈಮುಗಿದು ಹೇಳುತ್ತಿದ್ದುದು ಇಷ್ಟೇ: “ಜ್ವರ ಬಂದ್ರ ಮಲಗಾಕ ಕೊಟ್ಟಾರ್ರೀ.”