ಹಾಡುಹಗಲ ದೀಪಕ್ಕೆ ಕತ್ತರಿ

"ನನ್ನ ರಾಜ್ಯದಲ್ಲಿ ರಾತ್ರಿ ಅನ್ನೋದೇ ಇಲ್ಲ!" ಅಂತ ಕೆಂಚನಗಿರಿಯ ವೀರಮಲ್ಲರಾಜರು ತುಂಬಿದ ದರ್ಬಾರಿನಲ್ಲಿ ಮೀಸೆ ತಿರುವಿದರು.

"ಇಲ್ಲ, ಇಲ್ಲ!" ಅಂದರು ಹೊಗಳುಭಟರು. ವಿದೂಷಕ ಶಿಂಗಣ್ಣನೂ ಅಂದ. ಮನಸ್ಸಿನಲ್ಲಿ ಮಾತ್ರ, 'ಇರೋ ರಾತ್ರಿಯೆಲ್ಲ ನಮ್ಮ ಕೇರಿಗೇ ಬಂದು ಬಿದ್ದಿರೋವಾಗ ಇಲ್ಲೆಲ್ಲಿಂದ ಬರಬೇಕು' ಅಂದುಕೊಂಡ.

ರಾಜರು ಜಲಪಾತಕ್ಕೆ ಯಂತ್ರ ಕೂರಿಸಿ, ಕಂಬ ನೆಡಿಸಿ, ಊರಿಗೆ ಕರೆಂಟು ತಂದದ್ದು ನಿಜ. ಮನೆಮನೆಗೆ ಮೀಟರೂ ಬಂತು. ಮೊದಮೊದಲು ಅಗ್ಗ, ಆಮೇಲೆ ದರ ಏರಿತು. ಜನ ಹೆದರಿ ಎರಡು ಬಲ್ಬು ಹಾಕುವ ಕಡೆ ಒಂದು ಹಾಕಿದರು. ದರ ಇನ್ನೂ ಏರಿತು! ಯಾಕೆ ಸ್ವಾಮಿ ಅಂದರೆ ದಿವಾನ್ ತ್ರಯಂಬಕ ಪಂತರು, "ನೀವು ಕಡಿಮೆ ಉರಿಸಿದರೆ ಯಂತ್ರದ ಖರ್ಚು ಕಡಿಮೆಯಾಗುತ್ತಾ? ಅದನ್ನ ಯಾರು ಕೊಡ್ತಾರೆ?" ಅಂದರು. ಸರಿಯಪ್ಪ ಅಂತ ಜಾಸ್ತಿ ಉರಿಸಿದರೆ, "ಜಾಸ್ತಿ ಉರಿಸಿದ್ದೀರಿ, ಜಾಸ್ತಿ ಕೊಡಿ" ಅಂದರು. ಅತ್ತ ದರಿ ಇತ್ತ ಪುಲಿ ಅಂದರೆ ಇದೇ ನೋಡಿ.

ಅವತ್ತು ದರ್ಬಾರಿನಲ್ಲಿ ಪಂತರು ಒಂದು ಅರಿಕೆ ಮಾಡಿಕೊಂಡರು.

"ಮಹಾಸ್ವಾಮಿ, ಯಂತ್ರದಿಂದ ಹೊರಡೋದು ಒಂದು ಕೊಡ ಕರೆಂಟು ಅಂತಿಟ್ಟುಕೊಳ್ಳಿ. ಊರಿನ ಮೀಟರುಗಳಲ್ಲಿ ಕಾಣೋದು ಒಂದೇ ತಂಬಿಗೆ. ಮಿಕ್ಕಿದ್ದು ದಾರೀಲಿ ಮಾಯ! ಆ ನಷ್ಟವನ್ನ ಎಲ್ಲ ಮನೆಗಳ ಮೇಲೂ ಹಂಚಿದ್ದೇನೆ, ದರ ಏರಿರೋದು ಅದಕ್ಕೇ. ಕದೀತಿರೋದು ನೇಕಾರರ ಕೇರಿಯವರು ಅಂತ ನನ್ನ ಗುಮಾನಿ. ಕತ್ತಲಾದ ಮೇಲೂ ಅಲ್ಲಿ ಮಗ್ಗ ಲಟಪಟ ಅನ್ನುತ್ತೆ. ನಾಳೆಯೇ ಆ ಕೇರಿಯ ತಂತಿ ಕತ್ತರಿಸಿಬಿಡೋಣ."

ಶಿಂಗಣ್ಣ ತಟ್ಟನೆ ಮುಂದೆ ಬಂದ. ಅವನ ಅಕ್ಕ ಭದ್ರಮ್ಮ ಇರುವುದು ಆ ಕೇರಿಯಲ್ಲೇ. ಗಂಡ ತೀರಿಕೊಂಡ ಹೆಂಗಸು. ಸಂಜೆ ಮಗ್ಗದ ಗುಂಡಿಗೆ ಇಳಿದರೆ ತಲೆಯ ಮೇಲೊಂದೇ ಬಲ್ಬು. ಬಲ್ಬು ಹೋದರೆ ಮಗ್ಗ ನಿಂತಿತು, ಮಗ್ಗ ನಿಂತರೆ ಒಲೆ ಆರಿತು. ಮೊನ್ನೆ ದರ ಏರಿದಾಗಲೇ ಅವಳು, "ಏನೋ ಶಿಂಗ, ನಿಮ್ಮ ರಾಜರು ಕರೆಂಟನ್ನ ಚಿನ್ನದ ತಂತೀಲಿ ಕಳಿಸ್ತಾರೇನೋ?" ಅಂತ ಕೇಳಿದ್ದಳು.

"ಮಹಾಸ್ವಾಮಿ," ಅಂದ ಶಿಂಗಣ್ಣ, "ತಂತಿ ಕತ್ತರಿಸಿದ್ದು ಇಲ್ಲಿ, ಕಳ್ಳ ಇರೋದು ಇನ್ನೆಲ್ಲೋ ಅಂತಾದರೆ ನಗೆಪಾಟಲು. ಅವನನ್ನ ನಾನು ಹಿಡಿದುಕೊಡ್ತೇನೆ."

"ಹಿಡೀದಿದ್ದರೆ?" ಅಂದರು ರಾಜರು.

"ಕೇರಿಯ ತಂತಿ ಜೊತೆ ನನ್ನ ನಾಲಿಗೆಯನ್ನೂ ಕತ್ತರಿಸಿ."

ಪಂತರ ಮುಖ ಅರಳಿತು. ಒಂದು ಕತ್ತರಿಗೆ ಎರಡು ಲಾಭ!

"ಹೇಗೆ ಹಿಡೀತೀಯೋ?" ಅಂತ ರಾಜರು ಕೇಳಿದರು.

"ದುಡ್ಡು ಕೊಟ್ಟು ಕರೆಂಟು ತಗೊಳ್ಳೋನು ಹಾಡುಹಗಲಲ್ಲಿ ದೀಪ ಉರಿಸ್ತಾನಾ ಮಹಾಸ್ವಾಮಿ? ಉರಿಸೋನು ಬಿಟ್ಟಿ ಕರೆಂಟಿನೋನೇ. ಹಗಲಲ್ಲಿ ದೀಪ ಉರಿಯೋ ಮನೆ ಕಂಡರೆ, ಅದು ಯಾರ ಮನೆಯೇ ಆಗಿರಲಿ, ತಂತಿ ಅಲ್ಲೇ ಕತ್ತರಿಸೋಕೆ ಅಪ್ಪಣೆಯಾಗಲಿ."

"ಭಲೇ! ಯಾರ ಮನೆಯೇ ಆಗಿರಲಿ! ನಮ್ಮ ಮಾವನ ಮನೆಯಾದರೂ ಸರಿ!" ಅಂದರು ರಾಜರು. ಅಪ್ಪಣೆಗೆ ಮುದ್ರೆ ಒತ್ತಿದವರು ಸ್ವತಃ ಪಂತರು.

ಮಾರನೆಯ ದಿನ ಶಿಂಗಣ್ಣ ಲೈನ್‌ಮನ್ ಕುಳ್ಳಯ್ಯನನ್ನು ಕರೆದುಕೊಂಡು ಬಿಸಿಲಲ್ಲಿ ಹೊರಟ. ಪೇಟೆಯಲ್ಲಿ ಒಂದು ದೀಪವೂ ಇಲ್ಲ. ನೇಕಾರರ ಕೇರಿಯಲ್ಲಂತೂ ಭದ್ರಮ್ಮ, "ಹಗಲಲ್ಲಿ ದೀಪಾನಾ? ತಲೆ ಕೆಟ್ಟಿದೆಯೇನೋ ನಿನಗೆ?" ಅಂತ ಬೈದೇ ಕಳಿಸಿದಳು. ಇಬ್ಬರೂ ನೆಟ್ಟಗೆ ಅರಮನೆಗೆ ಬಂದರು.

ಅರಮನೆಯ ಸಂಗತಿಯೇ ಬೇರೆ. ಎಣ್ಣೆದೀಪದ ಕಾಲದಿಂದ ಅಲ್ಲಿ ದೀಪ ಹಚ್ಚುವುದಕ್ಕೆ ಒಂದು ಮನೆತನವೇ ಇತ್ತು, ಆರಿಸುವುದಕ್ಕೆ ಮಾತ್ರ ಯಾರೂ ಇರಲಿಲ್ಲ. ದೊರೆಯ ಮನೆಯ ದೀಪ ಆರಿಸುವುದು ಅಮಂಗಳ, ಎಣ್ಣೆ ತೀರಿ ತಾನಾಗೇ ಆರಬೇಕು. ಬಲ್ಬು ಬಂದಾಗಲೂ ಅದೇ ಮನೆತನದವರು ಮಡಿಯುಟ್ಟು, ಶಂಖ ಊದಿಸಿ, ಸ್ವಿಚ್ಚು ಒತ್ತಿದರು. ಆಮೇಲೆ ಎಣ್ಣೆ ತೀರಲಿ ಅಂತ ಕಾದರು. ಇನ್ನೂ ಕಾಯುತ್ತಿದ್ದಾರೆ, ಪಾಪ! ಹಜಾರದಿಂದ ಕುದುರೆ ಲಾಯದವರೆಗೆ ಸಾವಿರಾರು ಬಲ್ಬು ಹಗಲೂ ರಾತ್ರಿ ಉರಿಯುತ್ತಲೇ ಇದ್ದವು. ಮೀಟರಂತೂ ಇಲ್ಲವೇ ಇಲ್ಲ. ರಾಜರು ಎಷ್ಟು ತುತ್ತು ಉಂಡರು ಅಂತ ಎಣಿಸುವವರುಂಟೆ?

ಕುಳ್ಳಯ್ಯ ಕತ್ತರಿ ಕೆಳಗಿಳಿಸಿದ. "ಬುದ್ಧೀ, ಇದು ಅರಮನೆ."

"ಅಪ್ಪಣೇಲಿ 'ಅರಮನೆ ಬಿಟ್ಟು' ಅಂತ ಹೇಳಿದ್ದಾರಾ? ಇಲ್ಲ ತಾನೆ? ಕತ್ತರಿಸು!"

ಕಟಕ್!

ಊಟ ಮುಗಿಸಿ ಫ್ಯಾನಿನ ಕೆಳಗೆ ಗೊರಕೆ ಹೊಡೆಯುತ್ತಿದ್ದ ರಾಜರು ಬೆವರಿ ಎದ್ದರು. ಕೆಂಡಾಮಂಡಲವಾಗಿ ಹೊರಗೆ ಬಂದರು. ಹಿಂದೆಯೇ ಪಂತರು.

"ಯಾವನೋ ಅವನು, ಅರಮನೆ ದೀಪ ಆರಿಸಿದೋನು? ಅಮಂಗಳ!"

"ಬಿಡ್ತು ಅನ್ನಿ ಮಹಾಸ್ವಾಮಿ! ನಾವು ಆರಿಸ್ತೀವಾ? ಕತ್ತರಿಸಿದ್ದೇವೆ, ಅಷ್ಟೇ. ಹಗಲು ದೀಪ ಉರಿಯೋ ಮನೆ ಮೊದಲು ಸಿಕ್ಕಿದ್ದು ಇದೇ."

ರಾಜರಿಗೆ ತಮ್ಮದೇ ಅಪ್ಪಣೆ ನೆನಪಾಯಿತು. ಆಮೇಲೆ ಮೆಲ್ಲಗೆ ದಿವಾನರ ಕಡೆ ತಿರುಗಿದರು.

"ಪಂತರೇ, ಅರಮನೆ ಬಲ್ಬುಗಳ ಖರ್ಚನ್ನ ಯಾವುದಕ್ಕೆ ಸೇರಿಸ್ತಿದ್ದಿರಿ?"

"ದಾರಿಯ... ನಷ್ಟಕ್ಕೆ, ಮಹಾಸ್ವಾಮಿ."

"ಅಂದರೆ ಇಷ್ಟು ದಿನ ನನ್ನ ಮನೆ ದೀಪ ಉರಿಸಿದ್ದು ಯಾರು?"

"ನಮ್ಮಕ್ಕ," ಅಂದ ಶಿಂಗಣ್ಣ. "ಒಂದು ಬಲ್ಬು ತನ್ನ ಮನೇಲಿ, ಮಿಕ್ಕಿದ್ದೆಲ್ಲ ನಿಮ್ಮ ಮನೇಲಿ. ಇಷ್ಟು ದೊಡ್ಡ ದಾನ ಮಾಡ್ತಿದ್ದೀನಿ ಅಂತ ಅವಳಿಗೇ ಗೊತ್ತಿಲ್ಲ, ಪಾಪ."

ರಾಜರ ಮುಖ ಕೆಂಪಾಯಿತು. ನಾಚಿಕೆಯೇ ಸರಿ. ಆಮೇಲೆ ಹೊಟ್ಟೆ ಕುಲುಕಿ ಕುಲುಕಿ ನಕ್ಕರು. ನೇಕಾರರ ಕೇರಿಯ ತಂತಿ ಯಾರೂ ಮುಟ್ಟಕೂಡದು, ದರ ಮೊದಲಿನಷ್ಟೇ ಆಗಬೇಕು, ಇವತ್ತೇ ಅರಮನೆಗೂ ಮೀಟರು ಹಾಕಬೇಕು ಅಂತ ಅಪ್ಪಣೆ ಕೊಟ್ಟರು.

ಪಂತರು ಕೈ ಹೊಸೆಯುತ್ತ, "ಹಾಗೇ ಆಗಲಿ ಮಹಾಸ್ವಾಮಿ. ಆ ಮೀಟರಿನ ಖರ್ಚನ್ನ ಮನೆಮನೆಗೆ ಒಂಚೂರು ಹಂಚಿಬಿಟ್ಟರೆ..." ಅಂದರು.

ಶಿಂಗಣ್ಣ ಕುಳ್ಳಯ್ಯನ ಕೈಯಿಂದ ಕತ್ತರಿ ಕಸಿದುಕೊಂಡ.

"ಮಹಾಸ್ವಾಮಿ, ಹೊತ್ತಿನ್ನೂ ಮುಳುಗಿಲ್ಲ. ಹಾಗೇ ದಿವಾನರ ಮನೆ ಕಡೆ ಹೋಗಿ ಬರ್ತೀವಿ."