ಪದ್ಮಲೆಯ ಉಸಿರಿನ ಅಳತೆ

ಮಾಗಿಯ ಚಳಿ ಇನ್ನೂ ಇಳಿಯದಿದ್ದ ದಿನಗಳಲ್ಲಿ ಪೊನ್ನೂರಿನ ಅರಸ ಕೀರ್ತಿಪಾಲನು ಡಂಗುರ ಸಾರಿಸಿದನು: "ಶ್ವಾಸಕೋಶ ಸೋತಿರುವ ನಮ್ಮ ಮಗಳು ಪದ್ಮಲೆಗೆ ಗಾಳಿಯೂದುವ ತೊಗಲ ತಿದಿಯೊತ್ತಿ ಉಸಿರು ಕೊಡಬಯಸುವವರು ಮೊದಲು ಮೂರು ಒಗಟುಗಳನ್ನು ಬಿಡಿಸತಕ್ಕದ್ದು. ಬಿಡಿಸಿದವರು ಬೇಡಿದ್ದನ್ನು ಪಡೆಯುವರು, ತಪ್ಪಿದವರಿಗೆ ಶೂಲ." ಅದುವರೆಗೆ ತಿದಿ ಹಿಡಿದವರೆಲ್ಲ ತೋಳ್ಬಲ ತೋರಿಸಹೋಗಿ ಆಕೆಯ ಬಾಯಲ್ಲಿ ರಕ್ತ ಬರಿಸಿದ್ದರು. ಆ ಭಯವೇ ಅರಸನನ್ನು ಇಷ್ಟು ಕಠಿನನನ್ನಾಗಿ ಮಾಡಿತ್ತು.

ಅತಿಯಾಗಿ ತುಂಬಿದರೆ ಬಿರಿಯುವ, ಪೂರ್ತಿ ಬರಿದಾದರೆ ಅಂಟಿಕೊಳ್ಳುವ ಚೀಲ ಯಾವುದೆಂಬುದು ಮೊದಲ ಒಗಟು. ಕೆಂಚಮಲ್ಲನೆಂಬ ಜಟ್ಟಿ ಅದು ತಿದಿಯೆಂದು ಹೇಳಿ, ಶೂಲದ ದಿನ ಕಾಯುತ್ತ ಸೆರೆಮನೆ ಸೇರಿದನು. ದಾಮೋದರ ಪಂಡಿತನು ಶ್ವಾಸಕೋಶವೆಂದು ಸರಿಯಾಗಿಯೇ ನುಡಿದನು. ಆದರೆ ಎರಡನೆಯದು ಅವನನ್ನು ಕೆಡವಿತು: ಒಂದು ಮನೆಯ ಹಿಂಬದಿಯ ಕೋಣೆಗಳು ಮುಚ್ಚಿವೆ, ಗಾಳಿಯನ್ನು ನುಗ್ಗಿಸಿದಷ್ಟೂ ತೆರೆದ ಮುಂಬದಿಯ ಕೋಣೆಗಳೇ ಹಾಳಾಗುತ್ತವೆ, ಮುಚ್ಚಿದ್ದನ್ನು ತೆರೆಯುವುದು ಹೇಗೆ? ಇನ್ನೂ ಬಲವಾಗಿ ನುಗ್ಗಿಸಬೇಕೆಂದ ಪಂಡಿತನೂ ಜಟ್ಟಿಯ ಪಕ್ಕದಲ್ಲಿ ಕುಳಿತನು.

ಆಮೇಲೆ ಬಂದವನು ಮಾಳಿಂಗ. ಉಸಿರಿಲ್ಲದೆ ಹುಟ್ಟಿದ ಮರಿಗಳ ಮೂಗಿಗೆ ಬಾಯಿಟ್ಟು ಊದಿ ಬದುಕಿಸುತ್ತಿದ್ದ ಕುರುಬ.

"ಇದು ಕುರಿದೊಡ್ಡಿಯಲ್ಲ ಕಣಪ್ಪ, ತಲೆ ಹೋಗೋ ಜಾಗ" ಎಂದನು ಬಾಗಿಲ ಕಾವಲಿನವನು.

"ಹೋಗೋ ತಲೆ ನಂದೇ ತಾನೆ, ದಾರಿ ಬಿಡಣ್ಣ."

ಮಾಳಿಂಗನು ಅರಸನ ಮುಂದೆ ನಿಂತು, ಮೊದಲನೆಯದಕ್ಕೆ ಪಂಡಿತರು ಹೇಳಿದ್ದೇ ಸರಿ, ಆದಕಾರಣ ಉಸಿರು ಹೊರಬರುವಾಗಲೂ ಒಳಗೆ ತುಸು ಗಾಳಿ ಉಳಿಸಬೇಕು ಎಂದನು. ಎರಡನೆಯದಕ್ಕೆ, ಮನೆಯನ್ನೇ ಮಗುಚಬೇಕು, ಬೆನ್ನ ಮೇಲೆ ಮಲಗಿದವರನ್ನು ಬೋರಲು ಮಲಗಿಸಿದರೆ ಬೆನ್ನ ಕಡೆಯ ಕೋಣೆಗಳು ತೆರೆಯುತ್ತವೆ ಎಂದನು. ಅರಸನು ತಲೆದೂಗಿದನು.

"ಮೂರನೆಯದು. ನಮ್ಮ ಮಗಳಿಗೆ ಒಂದು ಉಸಿರಿಗೆ ಎಷ್ಟು ಗಾಳಿ ಬೇಕು?"

ಮಾಳಿಂಗನು ತಾನು ಬದುಕಿಸಿದ ಮರಿಗಳನ್ನು ನೆನೆದನು. ಒಂದು ಮರಿಗೆ ಬಾಯ್ತುಂಬ ಊದಿದ್ದನು. ಅದೇ ಎತ್ತರದ ಇನ್ನೊಂದಕ್ಕೆ ಕೆನ್ನೆಯ ಗಾಳಿಯೇ ಹೆಚ್ಚಾಗಿತ್ತು. ಏನಾದರೊಂದು ಅಳತೆ ಹೇಳಿ ತಲೆ ಉಳಿಸಿಕೊಳ್ಳಬಹುದಿತ್ತು. ಆ ಅಳತೆ ತಪ್ಪಾದರೆ ಹೋಗುವುದು ಆ ಹುಡುಗಿಯ ಪ್ರಾಣ.

"ತಿಳಿಯದು ಬುದ್ಧಿ. ನಿಮ್ಮ ಮಗಳನ್ನು ನೋಡದೆ ಹೇಳಲಾರೆ."

ಅವನನ್ನು ಎಳೆದೊಯ್ಯಲು ತಳವಾರನು ಮುಂದೆ ಬಂದನು. ಅರಸನು ಕೈಯೆತ್ತಿ ತಳವಾರನನ್ನು ತಡೆದು, ತಾನೇ ಮುಂದಾಗಿ ಮಾಳಿಂಗನನ್ನು ಮಗಳ ಕೋಣೆಗೆ ಕರೆದೊಯ್ದನು. ಮಾಳಿಂಗನು ಆಕೆಯನ್ನು ಬೋರಲು ಮಲಗಿಸಿ, ಮುಖವನ್ನು ಪಕ್ಕಕ್ಕೆ ತಿರುಗಿಸಿ, ಬೆನ್ನ ಮೇಲೆ ಅಂಗೈಯಿಟ್ಟು, ಮೆಲ್ಲನೆ ತಿದಿಯೊತ್ತಿದನು. ಆಕೆಯ ಹುಬ್ಬು ಗಂಟಿಕ್ಕಿದಾಗ ಕಡಿಮೆ ಮಾಡಿದನು; ತುಟಿಯ ನೀಲಿ ತಿಳಿಯಾಗುವವರೆಗೆ ಕಾದನು.

"ಇವತ್ತಿಗೆ ಇಷ್ಟು ಬುದ್ಧಿ. ನಾಳೆಯದನ್ನು ನಾಳೆ ಅವರನ್ನೇ ಕೇಳಬೇಕು."

ಮೂರನೆಯ ಒಗಟಿನ ಉತ್ತರ ಅದೇ ಎಂದನು ಅರಸ. ಅಳತೆಯಿರುವುದು ಕೊಡುವವನಲ್ಲಿ ಅಲ್ಲ, ಪಡೆಯುವವಳಲ್ಲಿ. ಬಳಿಕ, ಬೇಡಿಕೊಳ್ಳೆಂದನು.

"ಸೆರೆಯಲ್ಲಿರುವ ಇಬ್ಬರನ್ನೂ ಕೊಡಿಸಿ ಬುದ್ಧಿ. ಹಗಲೂ ಇರುಳೂ ಒತ್ತಲು ನನ್ನೊಬ್ಬನ ಕೈ ಸಾಲದು."

ಜಟ್ಟಿಯೂ ಪಂಡಿತನೂ ಮಾಳಿಂಗನೊಡನೆ ಸರದಿಯಂತೆ ತಿದಿಯೊತ್ತಿದರು. ಯುಗಾದಿಯ ಹೊತ್ತಿಗೆ ಪದ್ಮಲೆ ತಾನಾಗಿಯೇ ಉಸಿರಾಡತೊಡಗಿದಳು.